ಟ್ಯೂಬಿನಿಂದ ರಿಪೋರ್ಟಿನವರೆಗೆ ಎಷ್ಟು ಕೈ?

ಪ್ರಶ್ನೆ

ಮೇಡಂ, ನಾನು ದಾವಣಗೆರೆಯ ಒಂದು ಮಧ್ಯಮ ಗಾತ್ರದ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ಲ್ಯಾಬ್ ಕೆಲಸದ ಡಿಪ್ಲೊಮಾ ಡಿಎಂಎಲ್‌ಟಿ ಮಾಡಿದ್ದೇನೆ. ವಿಟಮಿನ್ ಡಿ, ಥೈರಾಯ್ಡ್ ಎಲ್ಲ ನಮ್ಮ ಕ್ಲಿಯಾ ಮಷೀನಿನಲ್ಲೇ (ಆಂಟಿಬಾಡಿ ಬಳಸಿ, ಹೊಮ್ಮುವ ಬೆಳಕನ್ನು ಅಳೆಯುವ ಯಂತ್ರ) ಆಗುತ್ತವೆ. ಕಿಡ್ನಿ ಕಸಿ ಆದವರ ಟ್ಯಾಕ್ರೊಲಿಮಸ್ ಔಷಧಿಯ ಮತ್ತು ಕೆಲವು ಹಾರ್ಮೋನು ಸ್ಯಾಂಪಲ್‌ಗಳನ್ನು ಬೆಂಗಳೂರಿಗೆ ಕಳಿಸುತ್ತೇವೆ. ಕಳೆದ ತಿಂಗಳು 34 ವರ್ಷದ ಒಬ್ಬ ಹೆಣ್ಣುಮಗಳಿಗೆ ನಮ್ಮಲ್ಲಿ ವಿಟಮಿನ್ ಡಿ 46 ಬಂತು, ಅಂದರೆ ಸಾಕಷ್ಟಿದೆ. ಮೈಕೈ ನೋವು ನಿಲ್ಲಲಿಲ್ಲವೆಂದು ಡಾಕ್ಟರು ಅದೇ ವಾರ ಇನ್ನೊಂದು ಸ್ಯಾಂಪಲ್ ತೆಗೆಸಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಮಾಸ್ ಸ್ಪೆಕ್ಟ್ರೊಮೆಟ್ರಿಯಲ್ಲಿ (ಅಣುವನ್ನೇ ತೂಗಿ ಅಳೆಯುವ ವಿಧಾನ) 19 ಬಂತು, ಅಂದರೆ ಕೊರತೆ. ಮಷೀನು ಸರಿ ಇದೆಯೇ ಎಂದು ನೋಡಲು ಹಾಕುವ, ಅಂಕಿ ಮೊದಲೇ ಗೊತ್ತಿರುವ ಕಂಟ್ರೋಲ್ ಆವತ್ತು ಸರಿಯಾಗಿಯೇ ಇತ್ತು. ಆಕೆಯ ಗಂಡ ಎರಡೂ ರಿಪೋರ್ಟ್ ಕೌಂಟರಿನ ಮೇಲಿಟ್ಟು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ನಮ್ಮ ಮಾಲೀಕರು, ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಮಾಸ್ ಸ್ಪೆಕ್ ಬಂದಿದೆಯಂತೆ, ತರಿಸಿಬಿಡೋಣವೇ ಎನ್ನುತ್ತಿದ್ದಾರೆ. ಅದು ನಮ್ಮ ಊರಿಗೆ ಆಗುವ ಮಾತೇ? ಬಂದರೆ ನಮ್ಮಂಥವರಿಗೆ ಕೆಲಸ ಉಳಿಯುತ್ತದೆಯೇ?

ಉತ್ತರ

ಯಂತ್ರದ ಮಾತು ಆಮೇಲೆ. ಮೊದಲು ಆ ಹೆಣ್ಣುಮಗಳಿಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: ಕೂದಲು ಉದುರುತ್ತದೆಂದು ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ? ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೂ ಸಿಗುವ ಕೂದಲು, ಉಗುರಿನ ಮಾತ್ರೆಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಇರುತ್ತದೆ. ಹಲವದರಲ್ಲಿ 5ರಿಂದ 10 ಮಿಲಿಗ್ರಾಂ. ನಮ್ಮ ದೇಹಕ್ಕೆ ದಿನಕ್ಕೆ ಬೇಕಾದದ್ದು 30-40 ಮೈಕ್ರೊಗ್ರಾಂ ಮಾತ್ರ. ಅಂದರೆ ನೂರಾರು ಪಟ್ಟು ಹೆಚ್ಚು ಹೊಟ್ಟೆಗೆ ಹೋಗುತ್ತದೆ.

ಹಲವು ಕ್ಲಿಯಾ ಕಿಟ್‌ಗಳ ಒಳಗೆ ಸ್ಟ್ರೆಪ್ಟಾವಿಡಿನ್ ಮತ್ತು ಬಯೋಟಿನ್ ಎಂಬ ಜೋಡಿ ಅಂಟಿನ ಕೆಲಸ ಮಾಡುತ್ತದೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ಮೊದಲೇ ಹೋಗಿ ಅಂಟಿನ ಜಾಗವನ್ನೆಲ್ಲ ಹಿಡಿದು ಕೂರುತ್ತದೆ. ವಿಟಮಿನ್ ಡಿ ಪರೀಕ್ಷೆ ಪೈಪೋಟಿ ಬಗೆಯದು. ಬೆಳಕು ಕಡಿಮೆಯಾದಷ್ಟೂ ವಿಟಮಿನ್ ಜಾಸ್ತಿ ಇದೆ ಎಂದು ಮಷೀನು ಓದುತ್ತದೆ. ಹಾಗಾಗಿ ಇಲ್ಲದ ವಿಟಮಿನ್ ಇದ್ದಂತೆ ಕಾಣುತ್ತದೆ. ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಸ್ಯಾಂಡ್‌ವಿಚ್ ಬಗೆಯದು, ಬೆಳಕು ಕಡಿಮೆಯಾದರೆ ಅಂಕಿಯೂ ಕಡಿಮೆ, ಹಾಗಾಗಿ ಅಲ್ಲಿ ಇದೇ ಬಯೋಟಿನ್ ಅಂಕಿಯನ್ನು ಕೆಳಗೆಳೆಯುತ್ತದೆ. ಆಕೆಗೆ ಆವತ್ತು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿದ್ದರೆ ಆ ರಿಪೋರ್ಟ್ ತೆಗೆದು ನೋಡಿ. ಟಿಎಸ್‌ಎಚ್ ಇಳಿದು, ಥೈರಾಯ್ಡ್ ಹಾರ್ಮೋನು ಟಿ4 ಏರಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರಿನಲ್ಲಿ ಇದೇ ಬಯೋಟಿನ್ ಬಗ್ಗೆ ಎಲ್ಲ ಲ್ಯಾಬುಗಳಿಗೂ ಎಚ್ಚರಿಕೆ ಕೊಟ್ಟಿತ್ತು.

ಕಂಟ್ರೋಲ್ ಸರಿ ಇತ್ತು ಎಂದಿರಿ. ಸರಿಯಾಗಿಯೇ ಇರುತ್ತದೆ. ಕಂಟ್ರೋಲ್ ಸೀರಮ್ ಹೇಳುವುದು ನಿಮ್ಮ ಮಷೀನು ಆವತ್ತು ನೆಟ್ಟಗಿತ್ತು ಎಂದಷ್ಟೇ. ಈ ಪೇಷಂಟಿನ ರಕ್ತದಲ್ಲಿ ಅಡ್ಡ ಬರುವ ವಸ್ತು ಏನಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಎಲ್ಲ ಕಿಟ್‌ಗಳಲ್ಲೂ ಈ ಜೋಡಿ ಇರುವುದಿಲ್ಲ. ನಿಮ್ಮ ಕಿಟ್ಟಿನ ಪೊಟ್ಟಣದೊಳಗಿನ ಕಾಗದ ಬಿಡಿಸಿ, ಸ್ಟ್ರೆಪ್ಟಾವಿಡಿನ್ ಎಂಬ ಪದ ಇದೆಯೇ, ಬಯೋಟಿನ್ ಎಷ್ಟರವರೆಗೆ ತಡೆದುಕೊಳ್ಳುತ್ತದೆ ಎಂದು ಬರೆದಿದೆಯೇ ನೋಡಿ. ಆಕೆ ಮಾತ್ರೆಯನ್ನೇ ಮುಟ್ಟಿಲ್ಲ ಎಂದಾದರೆ ಇನ್ನೊಂದು ಕಾರಣವೂ ಇದೆ. ರಕ್ತದಲ್ಲಿ ವಿಟಮಿನ್ ಡಿ ಒಂದು ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡು ಓಡಾಡುತ್ತದೆ. ಕ್ಲಿಯಾ ಮಷೀನಿಗೆ ಅದನ್ನು ಬಿಡಿಸಿಕೊಳ್ಳಲು ಕೆಲವೇ ನಿಮಿಷ ಸಿಗುತ್ತದೆ. ಗರ್ಭಿಣಿಯರಲ್ಲಿ ಆ ಪ್ರೋಟೀನ್ ಏರಿರುತ್ತದೆ, ಬಿಡುಗಡೆ ಪೂರ್ತಿ ಆಗದೆ ಅಂಕಿ ಹೆಚ್ಚುಕಡಿಮೆಯಾಗುತ್ತದೆ. ಆದರೆ 46 ಮತ್ತು 19ರಷ್ಟು ದೊಡ್ಡ ಅಂತರಕ್ಕೆ ನನ್ನ ಮೊದಲ ಅನುಮಾನ ಬಯೋಟಿನ್ ಮೇಲೆಯೇ. ಡಾಕ್ಟರನ್ನು ಕೇಳಿ, ಮೂರು ದಿನ ಆ ಮಾತ್ರೆ ನಿಲ್ಲಿಸಿ, ಹೊಸ ಸ್ಯಾಂಪಲ್ ತೆಗೆದು ಎರಡೂ ಕಡೆ ಹಾಕಿಸಿ. ಆ ಖರ್ಚನ್ನು ಲ್ಯಾಬೇ ಹೊರಲಿ. ಆಕೆಯ ಗಂಡ ಕೇಳಿದ್ದು ನ್ಯಾಯವಾದ ಪ್ರಶ್ನೆ.

ಬೆಂಗಳೂರಿನ 19ನ್ನು ನಾನು ಹೆಚ್ಚು ನಂಬುವುದು ಅದು ಬೆಂಗಳೂರಿನದು ಎಂದಲ್ಲ. ಎರಡು ಯಂತ್ರಗಳು ಕೇಳುವ ಪ್ರಶ್ನೆಯೇ ಬೇರೆ. ಕ್ಲಿಯಾ ಆಂಟಿಬಾಡಿಯ ಮೂಲಕ ಗುರುತು ಹಿಡಿಯುತ್ತದೆ, ದೂರದಿಂದ ಅಂಗಿ ನೋಡಿ ಇಂಥವರೇ ಎಂದು ಹೇಳುವ ಹಾಗೆ. ಅದೇ ಬಣ್ಣದ ಅಂಗಿ ಹಾಕಿಕೊಂಡ ಇನ್ನೊಬ್ಬರು ಬಂದರೆ ಮೋಸಹೋಗುತ್ತದೆ. ಮಾಸ್ ಸ್ಪೆಕ್ ಅಣುವನ್ನು ತೂಗುತ್ತದೆ. ತೂಗಿ ಸುಮ್ಮನಾಗುವುದಿಲ್ಲ, ಒಡೆದು ಚೂರನ್ನೂ ತೂಗುತ್ತದೆ.

ನಮ್ಮ ಊರಿನ ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಈ ಯಂತ್ರದಲ್ಲಿ ಅಂಥ ಎರಡು ಜರಡಿ ಇವೆ, ನಡುವೆ ಒಂದು ಒಡೆಯುವ ಕೋಣೆ. ರಕ್ತದಲ್ಲಿ ನಾವು ಅಳೆಯುವ ವಿಟಮಿನ್ ಡಿಯ ರೂಪವಾದ 25-ಹೈಡ್ರಾಕ್ಸಿ ವಿಟಮಿನ್ ಡಿ3ಗೆ ಒಂದು ಪ್ರೋಟಾನ್ ಸೇರಿದರೆ ಅದರ ರಾಶಿ 401. ಮೊದಲ ಜರಡಿ 401 ಇರುವುದನ್ನು ಮಾತ್ರ ಒಳಗೆ ಬಿಡುತ್ತದೆ. ನಡುವಿನ ಕೋಣೆಯಲ್ಲಿ ಅದು ನೈಟ್ರೊಜನ್ ಅಥವಾ ಆರ್ಗಾನ್ ಅನಿಲಕ್ಕೆ ಡಿಕ್ಕಿ ಹೊಡೆದು ಮುರಿಯುತ್ತದೆ. ಎರಡನೆಯ ಜರಡಿ 159 ರಾಶಿಯ ಚೂರನ್ನು ಮಾತ್ರ ಡಿಟೆಕ್ಟರಿಗೆ ಬಿಡುತ್ತದೆ. 401 ಆಗಿಯೂ ಇರಬೇಕು, ಮುರಿದಾಗ 159 ಕೊಡಲೂ ಬೇಕು, ಜೊತೆಗೆ ಜರಡಿಗಳಿಗೂ ಮುಂದಿರುವ ಕಾಲಮ್ಮಿನಿಂದ (ಅಣುಗಳನ್ನು ಒಂದೊಂದಾಗಿ ಬಿಡಿಸಿ ಕಳಿಸುವ ಸಣ್ಣ ಕೊಳವೆ) ಸರಿಯಾದ ನಿಮಿಷಕ್ಕೆ ಹೊರಬರಬೇಕು. ಮೂರು ಕಡೆಯೂ ಪಾಸಾಗುವ ಇನ್ನೊಂದು ಅಣು ಸಿಗುವುದು ಅಪರೂಪ.

ಅಪರೂಪ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. ವಿಟಮಿನ್ ಡಿಗೆ ಸಿ-3 ಎಪಿಮರ್ ಎಂಬ ಅವಳಿ ಇದೆ. ರಾಶಿಯೂ ಅದೇ, ಚೂರೂ ಅದೇ. ಒಂದು ವರ್ಷದೊಳಗಿನ ಮಕ್ಕಳ ರಕ್ತದಲ್ಲಿ ಇದು ಗಣನೀಯವಾಗಿ ಇರಬಹುದು. ಕಾಲಮ್ ಇವೆರಡನ್ನು ಬಿಡಿಸಿ ಕೊಡದಿದ್ದರೆ ಮಾಸ್ ಸ್ಪೆಕ್ ಕೂಡ ಮಗುವಿಗೆ ಇಲ್ಲದ ವಿಟಮಿನ್ ತೋರಿಸುತ್ತದೆ. ಹಸುಗೂಸಿನ ಸ್ಯಾಂಪಲ್ ಕಳಿಸುವಾಗ, ನಿಮ್ಮ ವಿಧಾನದಲ್ಲಿ ಎಪಿಮರ್ ಬೇರೆಯಾಗುತ್ತದೆಯೇ ಎಂದು ಆ ಲ್ಯಾಬನ್ನು ಧೈರ್ಯವಾಗಿ ಕೇಳಿ.

ಈ ವಿಧಾನದ ನಿಜವಾದ ಬಲ ನನ್ನ ದೃಷ್ಟಿಯಲ್ಲಿ ಜರಡಿಗಿಂತ ಇಂಟರ್ನಲ್ ಸ್ಟ್ಯಾಂಡರ್ಡಿನಲ್ಲಿದೆ. ಪ್ರತಿ ಸ್ಯಾಂಪಲಿಗೂ ಮೊಟ್ಟಮೊದಲು ಅಳೆದು ಒಂದು ಜೊತೆಗಾರನನ್ನು ಹಾಕುತ್ತೇವೆ. ಅದೂ ವಿಟಮಿನ್ ಡಿಯೇ, ಆದರೆ ಆರು ಹೈಡ್ರೊಜನ್ ಜಾಗದಲ್ಲಿ ಆರು ಡ್ಯುಟೀರಿಯಮ್ (ಭಾರವಾದ ಹೈಡ್ರೊಜನ್) ಇರುವುದರಿಂದ ರಾಶಿ 407. ಗುಣದಲ್ಲಿ ಎರಡೂ ಒಂದೇ. ಆಮೇಲೆ ಸ್ಯಾಂಪಲ್ಲಿನ ಅರ್ಧ ಚೆಲ್ಲಿಹೋದರೂ, ಅಯಾನು ಆಗುವ ಹೊತ್ತಿಗೆ ರಕ್ತದ ಕೊಬ್ಬು ಅಡ್ಡ ಬಂದು ಸಿಗ್ನಲ್ ಕುಗ್ಗಿದರೂ, ಇಬ್ಬರಿಗೂ ಒಂದೇ ಪಾಲು ನಷ್ಟ. ನಾವು ಓದುವುದು ಇಬ್ಬರ ಅನುಪಾತವನ್ನು, ಅದು ಕದಲುವುದಿಲ್ಲ. ಇದನ್ನು ಮೊದಲ ಸಲ ಬೋರ್ಡಿನ ಮೇಲೆ ಬರೆದು ತೋರಿಸಿದ ದಿನ ನನಗೆ ಈ ಕೆಲಸದ ಮೇಲೆ ಹುಟ್ಟಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಇತಿಹಾಸವನ್ನು ಎರಡೇ ಮಾತಲ್ಲಿ ಹೇಳುತ್ತೇನೆ. ಆಸ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ 1919ರಲ್ಲಿ ಕಟ್ಟಿದ ಉಪಕರಣದಿಂದ ಐಸೊಟೋಪುಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ತೂಗಿ 1922ರ ನೊಬೆಲ್ ಪಡೆದ. ಆದರೆ ರಕ್ತದಂಥ ದ್ರವದಲ್ಲಿರುವ ದೊಡ್ಡ ಅಣುಗಳನ್ನು ಮುರಿಯದೆ ಹಾರಿಸುವುದು ಹೇಗೆಂದು ತೋರಿಸಿದವರು ಜಾನ್ ಫೆನ್ ಮತ್ತು ಕೊಯಿಚಿ ತನಾಕಾ. ಅವರಿಗೆ 2002ರಲ್ಲಿ ನೊಬೆಲ್ ಬಂತು. ಫೆನ್ ಅವರ ಎಲೆಕ್ಟ್ರೊಸ್ಪ್ರೇ ಇಲ್ಲದಿದ್ದರೆ ನಿಮ್ಮ ಟ್ಯಾಕ್ರೊಲಿಮಸ್ ರಿಪೋರ್ಟ್ ಈ ರೂಪದಲ್ಲಿ ಇರುತ್ತಿರಲಿಲ್ಲ.

ಇನ್ನು ಮಾಲೀಕರು ಹೇಳುವ, ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಯಂತ್ರ. ಅಳೆಯುವ ಕೆಲಸ ಮೊದಲಿನಿಂದಲೂ ತಾನೇ ಆಗುತ್ತಿತ್ತು. ಸಂಜೆ ಪ್ಲೇಟ್ ಇಟ್ಟು ರನ್ ಹಾಕಿ ಮನೆಗೆ ಹೋದರೆ ಬೆಳಿಗ್ಗೆ ಅಂಕಿಗಳು ಸಿದ್ಧ. ಕೈ ಇರುವುದು ಅದಕ್ಕೆ ಮೊದಲು ಮತ್ತು ಆಮೇಲೆ. ವಿಟಮಿನ್ ಡಿಯನ್ನೇ ತೆಗೆದುಕೊಳ್ಳಿ. ಟ್ಯೂಬ್ ತಿರುಗಿಸಿ ಸೀರಮ್ ಬೇರ್ಪಡಿಸಬೇಕು. 100 ಮೈಕ್ರೊಲೀಟರ್ ಪಿಪೆಟ್‌ನಿಂದ ಎತ್ತಿ 96 ಗುಳಿಗಳ ಪ್ಲೇಟಿನ ಒಂದು ಗುಳಿಗೆ ಹಾಕಬೇಕು. ಇಂಟರ್ನಲ್ ಸ್ಟ್ಯಾಂಡರ್ಡ್ ಹಾಕಬೇಕು. ಅಸಿಟೊನೈಟ್ರೈಲ್ ಸುರಿದು ಪ್ರೋಟೀನನ್ನು ಹಾಲು ಒಡೆದ ಹಾಗೆ ಒಡೆಸಬೇಕು. ಮತ್ತೆ ತಿರುಗಿಸಬೇಕು, ಮೇಲಿನ ತಿಳಿಯನ್ನು ಹೆಕ್ಸೇನಿಗೆ ಎಳೆದುಕೊಳ್ಳಬೇಕು, ಆ ಪದರವನ್ನು ಇನ್ನೊಂದು ಪ್ಲೇಟಿಗೆ ದಾಟಿಸಬೇಕು, ನೈಟ್ರೊಜನ್ ಊದಿ ಒಣಗಿಸಬೇಕು, ಮೆಥನಾಲ್ ಹಾಕಿ ಮತ್ತೆ ಕರಗಿಸಬೇಕು. ಇಷ್ಟಾದ ಮೇಲೆ ಯಂತ್ರ. ಒಂದೊಂದಕ್ಕೂ ಐದು ನಿಮಿಷ ಎಂದರೆ 96 ಗುಳಿಗೆ ಎಂಟು ಗಂಟೆ. ಮಾರನೆಯ ದಿನ ಒಬ್ಬರು ಕೂತು ಪ್ರತಿ ಪೀಕನ್ನೂ (ಅಣು ಬಂದಾಗ ಗೆರೆ ಶಿಖರದಂತೆ ಏಳುವ ಜಾಗ) ಕಣ್ಣಲ್ಲಿ ನೋಡಿ, ಬುಡ ಸರಿಯಾಗಿ ಕತ್ತರಿಸಿದೆಯೇ ಎಂದು ತೀರ್ಮಾನಿಸಿ, ಅಂಕಿಯನ್ನು ರಿಪೋರ್ಟಿಗೆ ಸೇರಿಸಬೇಕು.

ತಪ್ಪು ಎಲ್ಲಿ ನುಸುಳುತ್ತದೆ ಎಂಬುದಕ್ಕೆ ನಾನೇ ಕಂಡದ್ದನ್ನು ಹೇಳುತ್ತೇನೆ. ಹಿಂದೆ ಒಂದು ಲ್ಯಾಬಿನಲ್ಲಿ ನಾನು ಬೆಳಗಿನ ಪಾಳಿಯಲ್ಲಿ ಪೀಕ್ ನೋಡುವ ಕೆಲಸದಲ್ಲಿದ್ದೆ. ಆ ರಾತ್ರಿಯ ರನ್ನಿನಲ್ಲಿ ಕ್ಯಾಲಿಬ್ರೇಟರ್ (ಪ್ರಮಾಣ ಗೊತ್ತಿರುವ, ಅಳತೆಗೋಲಿನಂಥ ಸ್ಯಾಂಪಲ್) ಗೆರೆ ನೇರ, ಕಂಟ್ರೋಲ್ ಮೂರೂ ಒಳಗೆ. ಪೇಷಂಟಿನ ಸ್ಯಾಂಪಲ್‌ಗಳು ಶುರುವಾದವು. ಮೊದಲನೆಯದರಲ್ಲಿ ಪೀಕೇ ಇಲ್ಲ. ವಿಟಮಿನ್ ಇಲ್ಲದಿದ್ದರೆ ಹೋಗಲಿ, ಇಂಟರ್ನಲ್ ಸ್ಟ್ಯಾಂಡರ್ಡ್ ಕೂಡ ಇಲ್ಲ. ಎರಡನೆಯದೂ ಹಾಗೆಯೇ. ಮೂರು, ನಾಲ್ಕು, ಐದು, ಆರು. ಏಳನೆಯದರಿಂದ ಎಲ್ಲ ಸರಿ. ಸೂಜಿ ಕಟ್ಟಿಕೊಂಡು ಆಮೇಲೆ ಬಿಟ್ಟುಕೊಂಡಿರಬೇಕು, ಆ ಆರನ್ನು ಮತ್ತೆ ಹಾಕೋಣ ಎಂದು ಬರೆಯಹೊರಟೆ. ಆಗ ಕಣ್ಣು ವರ್ಕ್‌ಲಿಸ್ಟಿನ ಕೊನೆಗೆ ಹೋಯಿತು. ಆವತ್ತು ಇದ್ದದ್ದು 90 ಸ್ಯಾಂಪಲ್. 96 ಗುಳಿಯ ಪ್ಲೇಟಿನಲ್ಲಿ ಕೊನೆಯ ಆರು ಖಾಲಿ ಇರಬೇಕಿತ್ತು. ಖಾಲಿ ಇದ್ದದ್ದು ಮೊದಲ ಆರು.

ಎದೆ ಧಸಕ್ಕೆಂದಿತು. ಪ್ಲೇಟು ತಿರುಗುಮುರುಗಾಗಿ ಕೂತಿತ್ತು. ಆ ಪ್ಲೇಟಿನ ಒಂದು ಮೂಲೆಯನ್ನು ಸಣ್ಣದಾಗಿ ಕತ್ತರಿಸಿರುತ್ತಾರೆ, ದಿಕ್ಕು ಗೊತ್ತಾಗಲೆಂದು. ಬೆರಳಿನ ಉಗುರಿನಷ್ಟೂ ಇಲ್ಲದ ಗುರುತು. ರಾತ್ರಿ ಒಂಬತ್ತಕ್ಕೆ, ಮೂರನೆಯ ಪ್ಲೇಟ್ ಹಿಡಿದ ಕೈಗೆ ಅದು ಕಾಣಲಿಲ್ಲ. ನಮ್ಮ ತಟ್ಟೆ ಎರಡೂ ದಿಕ್ಕಿನಲ್ಲಿ ಪ್ಲೇಟನ್ನು ಒಳಗೆ ಬಿಡುತ್ತಿತ್ತು. ಕ್ಯಾಲಿಬ್ರೇಟರ್, ಕಂಟ್ರೋಲ್ ಬೇರೆ ಬಾಟಲಿಗಳಲ್ಲಿ, ಬೇರೆ ತಟ್ಟೆಯಲ್ಲಿ ಇದ್ದುದರಿಂದ ಅವು ಯಾವ ಸುಳಿವನ್ನೂ ಕೊಡಲಿಲ್ಲ. ಆ ದಿನ 96 ಸ್ಯಾಂಪಲ್ ತುಂಬಿದ್ದರೆ? ಮೊದಲನೆಯವರ ಅಂಕಿ ಕೊನೆಯವರಿಗೆ, ಎರಡನೆಯವರದು ಕೊನೆಯಿಂದ ಎರಡನೆಯವರಿಗೆ. ಎಲ್ಲವೂ ಚಂದದ ಪೀಕುಗಳು, ಎಲ್ಲವೂ ಬೇರೆಯವರ ಹೆಸರಿನಲ್ಲಿ ಹೊರಗೆ ಹೋಗುತ್ತಿದ್ದವು. ಪ್ಲೇಟ್ ಇಟ್ಟ ಹುಡುಗಿ ನಮ್ಮಲ್ಲೇ ಅತ್ಯಂತ ಜೋಪಾನದ ಕೈಯವಳು. ಅವಳ ಮೇಲೆ ಯಾರೂ ದನಿ ಎತ್ತಬಾರದೆಂದು ನಾನು ಹಠ ಹಿಡಿದೆ. ಮಾರನೆಯ ದಿನದಿಂದ ಪ್ರತಿ ಪ್ಲೇಟಿನಲ್ಲೂ ಒಂದು ಗುಳಿಯನ್ನು ಬೇಕೆಂದೇ ಖಾಲಿ ಬಿಡಲು ಶುರುಮಾಡಿದೆವು, ದಿನಕ್ಕೊಂದು ಜಾಗದಲ್ಲಿ. ಆ ಖಾಲಿ ತನ್ನ ಜಾಗದಲ್ಲಿ ಕಾಣದಿದ್ದರೆ ಒಂದು ರಿಪೋರ್ಟೂ ಹೊರಗೆ ಹೋಗುವಂತಿಲ್ಲ.

ಇದರ ಜೊತೆಗೆ ಬರೆಯುವ ತಪ್ಪುಗಳೂ ಇವೆ. 3.1 ಎಂಬುದನ್ನು ಟೈಪು ಮಾಡುವಾಗ ಚುಕ್ಕೆ ಬಿಟ್ಟರೆ 31. ಯಂತ್ರ ಕೋಟಿ ರೂಪಾಯಿಯದಾಗಿದ್ದರೂ ಚುಕ್ಕೆ ಬೆರಳಿನ ತುದಿಯಲ್ಲಿರುತ್ತದೆ.

ಆಟೊಮೇಷನ್ ಎಂದರೆ ಈ ಕೈಗಳ ಸಂಖ್ಯೆ ಇಳಿಸುವುದು. ನಿಮ್ಮ ಶುಗರ್, ಕ್ರಿಯಾಟಿನಿನ್‌ಗೆ ಇದು ಯಾವತ್ತೋ ಆಗಿಹೋಗಿದೆ. ಲೆನಾರ್ಡ್ ಸ್ಕೆಗ್ಸ್ ರೂಪಿಸಿದ ಆಟೊಅನಲೈಸರ್ 1957ರಲ್ಲೇ ಮಾರುಕಟ್ಟೆಗೆ ಬಂತು. ಟ್ಯೂಬುಗಳನ್ನು ಬೆಲ್ಟಿನ ಮೇಲೆ ಮಷೀನಿನಿಂದ ಮಷೀನಿಗೆ ಓಡಿಸುವ ಲ್ಯಾಬನ್ನು ಜಪಾನಿನ ಕೋಚಿ ವೈದ್ಯಕೀಯ ಶಾಲೆಯಲ್ಲಿ ಮಸಾಹಿದೆ ಸಸಾಕಿ 1980ರ ದಶಕದಲ್ಲಿ ಕಟ್ಟಿ ತೋರಿಸಿದರು. ಮಾಸ್ ಸ್ಪೆಕ್ ಮಾತ್ರ ಹಿಂದೆ ಉಳಿಯಿತು. ಅದಕ್ಕೆ ಕಾರಣ ಮೇಲೆ ಹೇಳಿದ ಆ ಉದ್ದನೆಯ ತಯಾರಿ, ಬ್ಯಾಚ್ ತುಂಬುವವರೆಗೆ ಕಾಯಬೇಕಾದದ್ದು, ಮತ್ತು ಪೀಕ್ ನೋಡಲು ಪಳಗಿದ ಕಣ್ಣೇ ಬೇಕಾದದ್ದು.

ಈಗ ಆ ಗೋಡೆ ಹಂತಹಂತವಾಗಿ ಒಡೆಯುತ್ತಿದೆ. ಮೊದಲ ಹಂತ ಪಿಪೆಟ್ ಹಿಡಿಯುವ ರೋಬಾಟ್: ಹ್ಯಾಮಿಲ್ಟನ್, ಟೆಕಾನ್ ಕಂಪನಿಗಳವು ದೊಡ್ಡ ಲ್ಯಾಬುಗಳಲ್ಲಿ ಬಹಳ ಕಾಲದಿಂದ ಇವೆ. ಟ್ಯೂಬಿನ ಬಾರ್‌ಕೋಡ್ ಓದಿ ಯಾವ ಗುಳಿಗೆ ಯಾರ ಸೀರಮ್ ಹೋಯಿತೆಂದು ಅವೇ ಬರೆದುಕೊಳ್ಳುತ್ತವೆ. ಎರಡನೆಯದು ತಯಾರಿಯ ಪೆಟ್ಟಿಗೆಯನ್ನು ಮಾಸ್ ಸ್ಪೆಕ್‌ಗೇ ಜೋಡಿಸುವುದು. ಶಿಮಾಡ್ಜುವಿನ ಕ್ಲ್ಯಾಮ್ ಇಂಥದ್ದು, ರಕ್ತದ ಟ್ಯೂಬನ್ನೇ ಒಳಗಿಟ್ಟರೆ ಮುಂದಿನದನ್ನು ನೋಡಿಕೊಳ್ಳುತ್ತದೆ. ಮೂರನೆಯದು ನಿಮ್ಮ ಮಾಲೀಕರ ಕಿವಿಗೆ ಬಿದ್ದಿರುವುದು. ರೋಶ್ ಕಂಪನಿಯ ಕೋಬಾಸ್ ಮಾಸ್ ಸ್ಪೆಕ್‌ಗೆ 2024ರ ಡಿಸೆಂಬರಿನಲ್ಲಿ ಯುರೋಪಿನಲ್ಲಿ ಮಾರಲು ಬೇಕಾದ ಸಿಇ ಗುರುತು ಸಿಕ್ಕಿತು. ಮೊದಲ ಕಂತಿನಲ್ಲಿ ಸ್ಟೆರಾಯ್ಡ್ ಹಾರ್ಮೋನುಗಳು. ಒಟ್ಟು 60ಕ್ಕೂ ಹೆಚ್ಚು ಪರೀಕ್ಷೆಗಳನ್ನು ತರುವುದು ಅವರ ಯೋಜನೆ. ಇದರಲ್ಲಿ ಬ್ಯಾಚ್‌ಗಾಗಿ ಕಾಯುವುದು ತಪ್ಪುತ್ತದೆ. ಬಂದ ಟ್ಯೂಬನ್ನು ಬಂದ ಹಾಗೆ ಹಾಕಬಹುದು, ನಿಮ್ಮ ಕ್ಲಿಯಾ ಮಷೀನಿನ ಹಾಗೆಯೇ. ಪೀಕ್ ನೋಡುವ ಕೆಲಸದಲ್ಲೂ ಸಾಫ್ಟ್‌ವೇರ್ ಪಾಲು ತೆಗೆದುಕೊಳ್ಳುತ್ತದೆ. ಪೀಕ್ ಸರಿಯಾದ ಸಮಯಕ್ಕೆ ಬಂತೇ, ಜೊತೆಗಾರನ ಪೀಕ್ ಕುಗ್ಗಿದೆಯೇ, ಎರಡು ಚೂರುಗಳ ಅನುಪಾತ ಹದದಲ್ಲಿದೆಯೇ ಎಂದು ನೋಡಿ, ಅನುಮಾನ ಬಂದದ್ದನ್ನು ಮಾತ್ರ ಮನುಷ್ಯರ ಮುಂದೆ ಇಡುತ್ತದೆ.

ನನಗೆ ಇದು ನಿಜಕ್ಕೂ ಸಂತೋಷದ ಸುದ್ದಿ. ಹೆಂಗಸರು ಮತ್ತು ಮಕ್ಕಳ ಟೆಸ್ಟೊಸ್ಟೆರಾನ್ ಅಳೆಯುವಾಗ ಕ್ಲಿಯಾ ಎಡವುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ, ಅಷ್ಟು ಕಡಿಮೆ ಪ್ರಮಾಣದಲ್ಲಿ ಅದರ ಕಣ್ಣು ಮಂಜಾಗುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಲ್ಲಿ 17-ಹೈಡ್ರಾಕ್ಸಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಸುಳ್ಳಾಗಿ ಏರಿ ತೋರಿಸಿ, ತಾಯಂದಿರು ದಿನಗಟ್ಟಲೆ ನಿದ್ದೆಗೆಟ್ಟದ್ದೂ ಇದೆ. ಆ ಪರೀಕ್ಷೆಗಳು ಮಾಸ್ ಸ್ಪೆಕ್‌ನಲ್ಲಿ ಜಿಲ್ಲಾ ಮಟ್ಟಕ್ಕೆ ಇಳಿಯಬೇಕು, ಇಳಿಯುತ್ತವೆ.

ಆದರೂ ನಿಮ್ಮ ಮಾಲೀಕರಿಗೆ ನನ್ನ ಸಲಹೆ: ಈಗ ಬೇಡ. ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮಲ್ಲಿಗೆ ದಿನಕ್ಕೆ ಮಾಸ್ ಸ್ಪೆಕ್‌ಗೆ ತಕ್ಕ 12 ವಿಟಮಿನ್ ಡಿ ಸ್ಯಾಂಪಲ್ ಬರುತ್ತವೆ ಎಂದುಕೊಳ್ಳಿ. ಸಾಂಪ್ರದಾಯಿಕ ಮಾಸ್ ಸ್ಪೆಕ್‌ನಲ್ಲಿ ಒಂದು ರನ್ನಿಗೆ ಒಂದು ಖಾಲಿ, ಏಳು ಕ್ಯಾಲಿಬ್ರೇಟರ್, ಶುರುವಿಗೆ ಮೂರು ಕಂಟ್ರೋಲ್, ಕೊನೆಗೆ ಮೂರು. ಒಟ್ಟು 14. ಅಂದರೆ 12 ಪೇಷಂಟಿಗಾಗಿ 26 ಇಂಜೆಕ್ಷನ್, ಅರ್ಧಕ್ಕಿಂತ ಹೆಚ್ಚು ಖರ್ಚು ಯಂತ್ರವನ್ನು ಪರೀಕ್ಷಿಸುವುದಕ್ಕೇ. ಅದೇ 14 ಇಟ್ಟುಕೊಂಡು 80 ಪೇಷಂಟಿನ ಸ್ಯಾಂಪಲ್ ಹಾಕುವ ಲ್ಯಾಬಿಗೆ ಆ ಹೊರೆ ಗೊತ್ತೇ ಆಗುವುದಿಲ್ಲ. ಹೊಸ ಯಂತ್ರಗಳಲ್ಲಿ ಕ್ಯಾಲಿಬ್ರೇಷನ್ ಕಾಟ ಕಡಿಮೆ, ಆದರೆ ರೀಏಜೆಂಟ್ ಒಂದೇ ಕಂಪನಿಯದು, ಅವರ ಪಟ್ಟಿಯಲ್ಲಿ ಇದ್ದ ಪರೀಕ್ಷೆ ಮಾತ್ರ ನಿಮಗೆ ಸಿಗುತ್ತದೆ. ಒಳಗಿನ ವಿಧಾನವನ್ನು ನೀವು ಬದಲಿಸುವಂತಿಲ್ಲ.

ಮಿಕ್ಕದ್ದು ಊರಿನ ಮಾತು. ಈ ಯಂತ್ರದ ಒಳಗೆ ಗಾಳಿ ಇರಬಾರದು. ಟರ್ಬೊ ಪಂಪು ಹಗಲೂ ರಾತ್ರಿ ತಿರುಗುತ್ತಲೇ ಇರಬೇಕು. ಏಪ್ರಿಲಿನ ಮಧ್ಯಾಹ್ನ ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟರೆ, ನಿರ್ವಾತ ಮತ್ತೆ ಕಟ್ಟಿ ಅಂಕಿ ನೆಲೆ ನಿಲ್ಲಲು ಗಂಟೆಗಟ್ಟಲೆ ಬೇಕು. ಆ ದಿನದ ಕೆಲಸ ಹೋದ ಹಾಗೆ. ಎಸಿ ನಿಲ್ಲುವಂತಿಲ್ಲ. ನೈಟ್ರೊಜನ್ ಜನರೇಟರ್ ಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಸೋಡಿಯಂ ಅಣುಗಳಿಗೆ ಅಂಟಿಕೊಂಡು ರಾಶಿಯನ್ನೇ ಬದಲಿಸುತ್ತದೆ, ಹಾಗಾಗಿ ನೀರನ್ನು ಪೂರ್ತಿ ಶುದ್ಧ ಮಾಡುವ ಘಟಕವೂ ಬೇಕು. ಸೋಪಿನಲ್ಲಿ ತೊಳೆದ ಗಾಜಿನ ಬಾಟಲಿಗೆ ಸಾಲ್ವೆಂಟ್ ತುಂಬಿದರೂ ಸಿಗ್ನಲ್ ಕುಗ್ಗುವಷ್ಟು ಇದು ನಾಜೂಕು. ಸರ್ವಿಸ್ ಇಂಜಿನಿಯರ್ ಬೆಂಗಳೂರಿನಿಂದ 260 ಕಿಲೋಮೀಟರ್ ಬರಬೇಕು. ಇವು ಯಾವುವೂ ಆಗದ ಕೆಲಸಗಳಲ್ಲ. ಆದರೆ ದಿನಕ್ಕೆ 12 ಸ್ಯಾಂಪಲ್ಲಿನ ಆದಾಯದಲ್ಲಿ ಇವನ್ನೆಲ್ಲ ಹೊರಲಾಗುವುದಿಲ್ಲ. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗದ ಲ್ಯಾಬುಗಳು ಮತ್ತು ಮೆಡಿಕಲ್ ಕಾಲೇಜುಗಳು ಸೇರಿ ಒಂದೇ ಕಡೆಗೆ ಸ್ಯಾಂಪಲ್ ಕೊಟ್ಟು ದಿನವೂ ಪ್ಲೇಟ್ ತುಂಬುವ ಹಾಗಿದ್ದರೆ ನಾನೇ ಮೊದಲು ನಿಂತು ತರಿಸಿ ಎನ್ನುತ್ತೇನೆ. ಮಾಲೀಕರಿಗೆ ಉತ್ಸಾಹ ಇದ್ದರೆ ಆ ಮಾತುಕತೆ ಶುರುಮಾಡಲಿ.

ಅಲ್ಲಿಯವರೆಗೆ ನಿಮ್ಮ ಲ್ಯಾಬಿನಲ್ಲೇ ಆಟೊಮೇಷನ್ನಿನ ಮೊದಲ ಅರ್ಧ ಮಾಡಬಹುದು. ರಕ್ತ ತೆಗೆಯುವ ಕುರ್ಚಿಯ ಪಕ್ಕದಲ್ಲೇ ಬಾರ್‌ಕೋಡ್ ಪ್ರಿಂಟರ್ ಇರಲಿ, ಕೌಂಟರಿನಲ್ಲಿ ಅಲ್ಲ. ಪೇಷಂಟಿನ ಹೆಸರು ಅವರ ಬಾಯಿಂದಲೇ ಕೇಳಿ, ಅವರ ಎದುರೇ ಟ್ಯೂಬಿಗೆ ಸ್ಟಿಕ್ಕರ್ ಅಂಟಿಸಬೇಕು. ಬೆಂಗಳೂರಿನ ಲ್ಯಾಬಿನ ಎಲ್‌ಐಎಸ್ (ರಿಪೋರ್ಟ್ ಇಡುವ ಕಂಪ್ಯೂಟರ್ ವ್ಯವಸ್ಥೆ) ಜೊತೆ ನಿಮ್ಮದನ್ನು ಜೋಡಿಸಿ, ಅಂಕಿ ನೇರವಾಗಿ ಬರಲಿ, ಯಾರೂ ಮತ್ತೆ ಟೈಪು ಮಾಡುವುದು ಬೇಡ. ಇದಕ್ಕೆ ಮಾಸ್ ಸ್ಪೆಕ್ಕಿನ ಬೆಲೆಯ ಸಣ್ಣ ತುಣುಕು ಸಾಕು. ನನ್ನ ಅನುಭವದಲ್ಲಿ ಪೇಷಂಟಿಗೆ ಹೆಚ್ಚು ಉಪಕಾರ ಆಗುವುದೂ ಇದರಿಂದಲೇ.

ಟ್ಯಾಕ್ರೊಲಿಮಸ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳದೆ ಬಿಡಲಾರೆ. ಕಸಿ ಆದ ಕಿಡ್ನಿಯನ್ನು ದೇಹ ತಳ್ಳಿಹಾಕದಂತೆ ಕಾಯುವ ಔಷಧಿ ಅದು. ಕಡಿಮೆಯಾದರೆ ಕಿಡ್ನಿ ಹೋಗುತ್ತದೆ, ಹೆಚ್ಚಾದರೆ ಅದೇ ಔಷಧಿ ಕಿಡ್ನಿಯನ್ನು ಹಾಳುಮಾಡುತ್ತದೆ. ಇದು ಬಹುಪಾಲು ಕೆಂಪು ರಕ್ತಕಣಗಳ ಒಳಗೆ ಇರುತ್ತದೆ. ಆದ್ದರಿಂದ ಪರ್ಪಲ್ ಕ್ಯಾಪಿನ ಇಡಿಟಿಎ ಟ್ಯೂಬಿನಲ್ಲಿ ಪೂರ್ಣ ರಕ್ತವೇ ಹೋಗಬೇಕು. ಅಭ್ಯಾಸಬಲದಿಂದ ಯಾರಾದರೂ ತಿರುಗಿಸಿ ಪ್ಲಾಸ್ಮಾ ತೆಗೆದು ಕಳಿಸಿದರೆ ಅಂಕಿ ಪಾತಾಳಕ್ಕೆ ಇಳಿಯುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ. ಇನ್ನೊಂದು, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ತೆಗೆಯಬೇಕು, ಹಿಂದಿನ ರಾತ್ರಿಯ ಮಾತ್ರೆಗೆ 12 ಗಂಟೆ ಆದಾಗ. ಜಗಳೂರಿನಿಂದ ಮೊದಲ ಬಸ್ಸಿಗೆ ಹೊರಟು ಬರುವವರು ಮಾತ್ರೆ ತಪ್ಪಬಾರದೆಂದು ದಾರಿಯಲ್ಲೇ ನುಂಗಿಕೊಂಡು ಬರುತ್ತಾರೆ. ಜಗತ್ತಿನ ಅತಿ ನಿಖರ ಯಂತ್ರವೂ ಆ ಸ್ಯಾಂಪಲಿಗೆ ನಿಖರವಾದ, ಉಪಯೋಗಕ್ಕೆ ಬಾರದ ಅಂಕಿ ಕೊಡುತ್ತದೆ. ಹಿಂದಿನ ದಿನವೇ ಫೋನ್ ಮಾಡಿ, ಮಾತ್ರೆ ಕೈಯಲ್ಲಿ ತನ್ನಿ, ರಕ್ತ ಕೊಟ್ಟ ಮೇಲೆ ಇಲ್ಲೇ ನೀರು ಕೊಡುತ್ತೇವೆ, ನುಂಗಿ ಎಂದು ಹೇಳಿ. ಕೊನೆಯ ಮಾತ್ರೆಯ ಹೊತ್ತು, ರಕ್ತ ತೆಗೆದ ಹೊತ್ತು ಎರಡನ್ನೂ ಫಾರ್ಮಿನಲ್ಲಿ ಬರೆಯಿರಿ.

ಒಂದು ತಿಂಗಳು ಬೆಂಗಳೂರಿನಲ್ಲಿ ಮತ್ತೊಂದು ತಿಂಗಳು ಇನ್ನೆಲ್ಲೋ ಮಾಡಿಸುವುದೂ ಬೇಡ. ಆಂಟಿಬಾಡಿ ಪರೀಕ್ಷೆ ಔಷಧಿಯ ಒಡೆದ ರೂಪಗಳನ್ನೂ ಸ್ವಲ್ಪ ಎಣಿಸುವುದರಿಂದ ಮಾಸ್ ಸ್ಪೆಕ್‌ಗಿಂತ ಹೆಚ್ಚು ತೋರಿಸುತ್ತದೆ. ವಿಧಾನ ಬದಲಾದದ್ದನ್ನು ಡೋಸ್ ಬದಲಾಯಿಸುವ ಕಾರಣವೆಂದು ಡಾಕ್ಟರು ತಿಳಿಯಬಹುದು.

ಕೆಲಸದ ಬಗ್ಗೆ ಕೇಳಿದಿರಿ. ನೀವು ಡಿಎಂಎಲ್‌ಟಿಯಲ್ಲಿ ನ್ಯೂಬಾರ್ ಚೇಂಬರಿನ ಚೌಕಗಳಲ್ಲಿ ಬಿಳಿ ಕಣ ಎಣಿಸಿದ್ದೀರಿ. ಲ್ಯಾಬಿಗೆ ಬಂದ ಮೇಲೆ ಆ ಎಣಿಕೆಯನ್ನು ಸೆಲ್ ಕೌಂಟರಿಗೆ ಬಿಟ್ಟುಕೊಟ್ಟಿರಿ. ಆದರೆ ಪ್ಲೇಟ್‌ಲೆಟ್ 40,000 ಎಂದು ಮಷೀನು ಹೇಳಿದಾಗ ಗಾಜಿನ ಮೇಲೆ ರಕ್ತದ ಸ್ಮಿಯರ್ ಹಾಕಿ, ಅವು ನಿಜಕ್ಕೂ ಕಡಿಮೆಯೋ ಅಥವಾ ಇಡಿಟಿಎಯಲ್ಲಿ ಗುಂಪುಗಟ್ಟಿವೆಯೋ ಎಂದು ನೋಡುವುದು ಇವತ್ತಿಗೂ ನೀವೇ ಅಲ್ಲವೇ? ಇಲ್ಲೂ ಅದೇ ಆಗುತ್ತದೆ. ಪಿಪೆಟ್ ಹಿಡಿಯುವ ಕೈ ಕಡಿಮೆಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬರೀ ಪಿಪೆಟ್ ಹಿಡಿಯುವುದಷ್ಟನ್ನೇ ಕಲಿತವರಿಗೆ ಕಷ್ಟವಾಗುತ್ತದೆ. ಆದರೆ ಪೀಕ್ ನೋಡಬಲ್ಲವರು ಬೇಕಾದಷ್ಟು ಸಿಗುವುದಿಲ್ಲ. ಕೈಯಿಂದ ಆಗುವ ತಪ್ಪು ಒಂದು ಸ್ಯಾಂಪಲಿಗೆ ಅಥವಾ ಒಂದು ಪ್ಲೇಟಿಗೆ. ಯಂತ್ರ ದಾರಿ ತಪ್ಪಿದರೆ ಯಾರಾದರೂ ಗಮನಿಸುವವರೆಗೆ ಬರುವ ಪ್ರತಿ ಟ್ಯೂಬಿಗೂ ಅದೇ ತಪ್ಪು. ಜೊತೆಗಾರನ ಪೀಕ್ ಬೆಳಗಿನಿಂದ ಮೆಲ್ಲಗೆ ಇಳಿಯುತ್ತಿದೆ ಎಂದು ಯಾರೋ ಒಬ್ಬರು ಗಮನಿಸಲೇಬೇಕು. ಹನ್ನೊಂದು ವರ್ಷ ಬೆಂಚಿನಲ್ಲಿ ನಿಂತವರ ಕಣ್ಣಿಗೆ ಅದು ಬೇಗ ಬೀಳುತ್ತದೆ.

ಕಲಿಯುವುದನ್ನು ಇಂದೇ ಶುರುಮಾಡಬಹುದು. ಬೆಂಗಳೂರಿನ ಆ ಲ್ಯಾಬಿಗೆ ಬರೆದು, 19 ಬಂದ ಸ್ಯಾಂಪಲ್ಲಿನ ಕ್ರೊಮ್ಯಾಟೊಗ್ರಾಮ್ (ಪೀಕುಗಳಿರುವ ಚಿತ್ರ) ಕಳಿಸಿ ಎಂದು ಕೇಳಿ. ಲ್ಯಾಬುಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬು ಈ ದಾಖಲೆಗಳನ್ನು ಇಟ್ಟಿರಲೇಬೇಕು, ಸ್ಯಾಂಪಲ್ ಕಳಿಸಿದವರು ಕೇಳುವುದರಲ್ಲಿ ಸಂಕೋಚವಿಲ್ಲ. ಮೇಲೆ ವಿಟಮಿನ್ನಿನ ಪೀಕ್, ಕೆಳಗೆ ಜೊತೆಗಾರನದು ಇರುತ್ತದೆ. ಎರಡರ ತುದಿಯೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ನಿಂತಿವೆಯೇ, ಪಕ್ಕದಲ್ಲಿ ಗೂನು ಏನಾದರೂ ಇದೆಯೇ, ಬುಡ ಸಮತಟ್ಟಾಗಿದೆಯೇ, ಸ್ಕೇಲಿಟ್ಟು ನೋಡಿ. ಮೂರು ದಿನ ಮಾತ್ರೆ ಬಿಟ್ಟ ಮೇಲಿನ ಸ್ಯಾಂಪಲ್ಲಿನದನ್ನೂ ತರಿಸಿ ಪಕ್ಕದಲ್ಲಿಟ್ಟುಕೊಳ್ಳಿ. ಏನು ಕಂಡಿತೆಂದು, ಆಕೆ ಬಯೋಟಿನ್ ಬಗ್ಗೆ ಏನು ಹೇಳಿದರೆಂದು ನನಗೆ ಬರೆಯಿರಿ.